ಆಕ್ಸಿಜನ್ ಸೆನ್ಸರ್ ಮತ್ತು ಕಣದ ಕಟ್ಟೆ

ನನಗೊಂದು ಕೆಟ್ಟ ಚಾಳಿಯಿದೆ. ಮನುಷ್ಯರು ಹೇಳಿದ್ದನ್ನು ನಂಬುವುದಿಲ್ಲ. ಅದೇ ಮಾತನ್ನು ಯಂತ್ರ ಹೇಳಿದರೆ ಕೈಮುಗಿದು ನಂಬುತ್ತೇನೆ. ಇದಕ್ಕೆ ಒಂದೇ ಅಪವಾದವೆಂದರೆ ಕಾಫಿ ಕೊಳ್ಳಲು ಬರುವವನ ತೇವಾಂಶದ ಮೀಟರು. ಬೀಜ ಇನ್ನೂ ಹಸಿ ಎಂದು ಅದು ತೋರಿಸಿದರೆ ನಾನು ಬೀಜವನ್ನು ಹಲ್ಲಿಗೆ ಕೊಟ್ಟು, "ಕಟ್ ಅಂತೈತೆ ಕಣ್ರೀ, ಇನ್ನೇನ್ ಒಣಗ್ಬೇಕು?" ಎಂದು ವಾದಕ್ಕೆ ನಿಲ್ಲುತ್ತೇನೆ. ಒಣಗಿದೆ ಎಂದು ತೋರಿಸಿದರೆ ವಿಜ್ಞಾನ ಎಷ್ಟು ಮುಂದುವರಿದಿದೆಯೆಂದು ಮೆಚ್ಚಿಕೊಳ್ಳುತ್ತೇನೆ.

ಹೋದ ತಿಂಗಳು ನಮ್ಮ ಕಾರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಹೊತ್ತು ನೋಡಿಯೇ ಹತ್ತಿತು. ಇನ್ನು ಹದಿನೈದು ದಿನಕ್ಕೆ ಮಂಗಳೂರಿನಲ್ಲಿ ಹೆಂಗಸರ ಮಾರಾಟ ಮೇಳ. ನನ್ನ ಹೆಂಡತಿ ಕುಸುಮ ತಾನೇ ಹುರಿದು ಪುಡಿ ಮಾಡಿದ ಕಾಫಿಯನ್ನು ಮೊದಲ ಸಲ ತನ್ನ ಹೆಸರು ಹಾಕಿದ ಪೊಟ್ಟಣಗಳಲ್ಲಿ ಮಾರಲು ಹೊರಟಿದ್ದಳು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಾಜರಿಲ್ಲದಿದ್ದರೆ ಮಳಿಗೆ ಬೇರೆಯವರ ಪಾಲು. ಅಷ್ಟು ಪೆಟ್ಟಿಗೆ ಹೊತ್ತುಕೊಂಡು ನಮ್ಮೂರು ಕೆ. ಹೊಸಕೋಟೆಯಿಂದ ಬಸ್ಸಿನಲ್ಲಿ ಹೋಗುವುದು ಆಗದ ಮಾತು. ಕಾರೇ ಶಿರಾಡಿ ಘಾಟಿ ಇಳಿಯಬೇಕಿತ್ತು.

"ದೀಪ ಗೀಪ ನಂಗೊತ್ತಿಲ್ಲ ರೀ. ಕಾರಿನ ಸದ್ದು ಬದ್ಲಾಗೈತೆ. ಕೆಳಗೆ ಎಲ್ಲೋ ಬುಸ್ ಅಂತೈತೆ" ಎಂದಳು ಕುಸುಮ.

"ಕುಕ್ಕರ್ ಕೇಳಿ ಕೇಳಿ ನಿಂಗೆ ಎಲ್ಲಾನೂ ಬುಸ್ ಅನ್ಸುತ್ತೆ" ಎಂದೆ. ಈ ಒಂದು ಮಾತಿಗೆ ನಾನು ಇವತ್ತಿಗೂ ದಂಡ ತೆರುತ್ತಿದ್ದೇನೆ. ಅವಳು ಆಗಲೇ ಬೇಜಾರಿನಲ್ಲಿದ್ದಳು. ಅದೇ ವಾರ ನಮ್ಮ ಕಾಫಿ ಒಣಗಿಸುವ ಸಿಮೆಂಟಿನ ಕಣದ ಅಂಚುಕಟ್ಟೆ ಒಂದು ಗೇಣು ಮುರಿದುಹೋಗಿತ್ತು. ಆನೆ ಬಂದು ತುಳಿದಿರಬೇಕು ಎಂದು ಸಮಾಧಾನ ಹೇಳಿದ್ದೆ. ನಮ್ಮ ಕಡೆ ಆನೆಯ ಹೆಸರು ಹೇಳಿದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಪಕ್ಕದ ತೋಟದ ರುದ್ರೇಶ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ತಂದ. ಸ್ಟೇರಿಂಗ್ ಕೆಳಗೆ ಸಿಕ್ಕಿಸಿದರೆ ಕಾರಿನ ಕಾಯಿಲೆ ಮೊಬೈಲಿನಲ್ಲಿ ಮೂಡುತ್ತದೆ. ಪಿ ಸೊನ್ನೆ ಒಂದು ಮೂರು ಒಂದು ಎಂದು ಮೂಡಿತು. ಕೆಳಗೆ 'ಆಕ್ಸಿಜನ್ ಸೆನ್ಸರ್' ಎಂದಿತ್ತು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆಯೆಂದು ನೋಡಿ ಎಂಜಿನ್ನಿಗೆ ವರದಿ ಒಪ್ಪಿಸುವ ಬೆರಳುದ್ದದ ಸಾಮಾನು ಅದು.

"ಸೆನ್ಸರ್ ಹೋಗ್ಬುಟ್ಟೈತೆ ಮಾರಾಯ, ಇನ್ನೇನ್ ನೋಡೋದು?" ಎಂದ ರುದ್ರೇಶ. ಹಾಸನದಿಂದ ಹೊಸದನ್ನು ತರಿಸಿ ಹಾಕಿಸಿದೆ. ಯಂತ್ರದಲ್ಲಿ 'ಅಳಿಸು' ಎಂಬ ಗುಂಡಿಯಿತ್ತು. ಒತ್ತಿದೆ, ದೀಪ ಆರಿತು. ಸಂಜೆಗೆ ಮತ್ತೆ ಹತ್ತಿತು. ಮತ್ತೆ ಒತ್ತಿದೆ. ಹೀಗೆ ಒಂದು ವಾರ ನಾನು ಒತ್ತುವುದು, ಅದು ಹತ್ತುವುದು. ಕೊನೆಗೆ ರುದ್ರೇಶ, "ನಮ್ ಬೆಟ್ಟದ ಗಾಳೀಲಿ ಆಕ್ಸಿಜನ್ ಜಾಸ್ತಿ ಕಣೋ, ಪಾಪ, ಸೆನ್ಸರ್‌ಗೆ ತಡ್ಕೊಳಕಾಗ್ತಿಲ್ಲ" ಎಂದು ಸಿದ್ಧಾಂತ ಮಂಡಿಸಿದ. ನಾಚಿಕೆಗೆಟ್ಟವನು ನಾನು, ಇದನ್ನೂ ನಂಬಿ ಹೋಟೆಲಿನಲ್ಲಿ ನಾಲ್ಕು ಜನಕ್ಕೆ ಹೆಮ್ಮೆಯಿಂದ ಹೇಳಿದೆ.

ಮೇಳದ ಹಿಂದಿನ ದಿನ, ಶುಕ್ರವಾರ, ಕುಸುಮ ಕಾರು ಹತ್ತಿ ಕುಳಿತು, "ನಡೀರಿ ಆಲೂರಿಗೆ" ಎಂದಳು. ಆಲೂರಿನ ಮೆಕ್ಯಾನಿಕ್ ದೇವರಾಜಣ್ಣನ ಹತ್ತಿರ ಹೋದೆವು. ನಾನು ಮೊಬೈಲ್ ಮುಂದೆ ಹಿಡಿದೆ. ಆತ ಕಣ್ಣೆತ್ತಿಯೂ ನೋಡಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಸೈಲೆನ್ಸರ್ ಬಾಯಿಗೆ ಹಳೇ ಬಟ್ಟೆ ಒತ್ತಿ ಹಿಡಿಯಿರೆಂದು ನನಗೇ ಹೇಳಿ, ಕಾರಿನ ಕೆಳಗೆ ತೂರಿದ. ಬುಸ್ ಎಂದಿತು. ನನಗೂ ಕೇಳಿಸಿತು.

"ಹೊಗೆ ಪೈಪ್ ಬಿರುಕ್ ಬಿಟ್ಟೈತೆ ಸಾರ್. ಹೊರಗಿನ ಗಾಳಿ ಎಳ್ಕೊಂಡ್ರೆ ಆಕ್ಸಿಜನ್ ಜಾಸ್ತಿ ಅನ್ದೆ ಅದು ಇನ್ನೇನ್ ಅಂತದೆ? ಹಳೇ ಸೆನ್ಸರ್ ಇದ್ದಿದ್ನೇ ಹೇಳ್ತಿತ್ತು. ಎಲ್ಲಿಗ್ ಹೊಡ್ಸಿದ್ರಿ?"

"ಶಿರಾಡಿ ಘಾಟಿ ಗುಂಡಿ ಕಣಪ್ಪ" ಎಂದೆ. ಆ ರಸ್ತೆಯ ಮೇಲೆ ಏನು ಹೊರಿಸಿದರೂ ಜನ ಒಪ್ಪುತ್ತಾರೆ.

ದೇವರಾಜಣ್ಣ ಪೈಪಿಗೆ ಹೊದಿಸಿದ ತಗಡಿನ ಸಂದಿಯಿಂದ ಏನನ್ನೋ ಮೀಟಿ ತೆಗೆದು ಕುಸುಮಳ ಕೈಗೆ ಕೊಟ್ಟ. ಸಿಮೆಂಟಿನ ಚೂರು. ಅದಕ್ಕೆ ಕಾಫಿ ಹಣ್ಣಿನ ಒಣ ಸಿಪ್ಪೆ ಅಂಟಿಕೊಂಡಿತ್ತು.

ಹೇಳಿಬಿಡುತ್ತೇನೆ. ಇಳಿಜಾರಿನ ನಮ್ಮ ತೋಟದಲ್ಲಿ ಸಮತಟ್ಟು ಜಾಗವೆಂದರೆ ಆ ಕಣ ಒಂದೇ. ಹಿಂದೆ ಮುಂದೆ ಒದ್ದಾಡದೆ ಕಾರು ತಿರುಗಿಸಲು, ಕುಸುಮ ಮನೆಯಲ್ಲಿಲ್ಲದಾಗ ಅದರ ಮೇಲೆ ಹತ್ತಿಸುವುದು ನನ್ನ ಗುಟ್ಟಿನ ಅಭ್ಯಾಸ. ಅವಳೋ, ಕಣಕ್ಕೆ ಚಪ್ಪಲಿ ಹಾಕಿಕೊಂಡು ಬಂದವರನ್ನೂ ಬಿಡುವವಳಲ್ಲ.

ಅವಳು ಚೂರನ್ನು ತಿರುಗಿಸಿ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ, "ದೇವರಾಜಣ್ಣ, ನಮ್ ಕಣದ ಕಟ್ಟೆ ಮುರಿದ ಆನೆ ಸಿಕ್ತು ಕಣಣ್ಣ. ಬಟ್ಟೆ ಹಿಡ್ಕೊಂಡ್ ನಿಂತೈತೆ" ಎಂದಳು.

ಸಂಜೆಯೊಳಗೆ ಪೈಪಿಗೆ ಬೆಸುಗೆ ಬಿತ್ತು. ಶನಿವಾರ ಮಾರನಹಳ್ಳಿ ದಾಟಿ ಘಾಟಿ ಇಳಿದು ಹತ್ತಕ್ಕೆ ಮೊದಲೇ ಮಳಿಗೆ ತೆರೆದೆವು. ಮಧ್ಯಾಹ್ನಕ್ಕೆ ಕುಸುಮಳ ಪೊಟ್ಟಣಗಳು ಖಾಲಿ. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ನಾನು ಗುಂಡಿ ಒತ್ತುತ್ತಲೇ ಕುಳಿತಿದ್ದರೆ ಇದು ತಪ್ಪಿಹೋಗುತ್ತಿತ್ತಲ್ಲ ಎಂದು ಹೆದರಿಕೆಯೂ ಆಯಿತು.

ಹಳದಿ ದೀಪ ಆಮೇಲೆ ಹತ್ತಿಲ್ಲ. ಆದರೆ ಕುಸುಮ ತಂದಿಟ್ಟ ಆ ಸಿಮೆಂಟಿನ ಚೂರು ಕಾರಿನಲ್ಲಿ ಸ್ಟೇರಿಂಗ್ ಮುಂದಿನ ಗಣಪನ ಪಕ್ಕದಲ್ಲೇ ಕೂತಿದೆ. ಮೊನ್ನೆ ತೆಗೆಯಲು ಕೈ ಚಾಚಿದೆ. "ಇರ್ಲಿ ಬಿಡಿ, ಆನೆಗೆ ಗೊತ್ತಾಗ್ಲಿ" ಎಂದಳು ಕುಸುಮ. ರುದ್ರೇಶನ ಯಂತ್ರವನ್ನು ಇನ್ನೊಮ್ಮೆ ತಂದು ಸಿಕ್ಕಿಸಿ ನೋಡಿದೆ. ಕಾರಿನಲ್ಲಿ ಯಾವ ದೋಷವೂ ಇಲ್ಲ ಎಂದಿತು. ಚಾಲಕನ ವಿಷಯ ಅದು ಎತ್ತಲಿಲ್ಲ.