ಗೋಬರ್ ಗ್ಯಾಸಿಗೆ ನಾನು ಗಾಳಿ ಹೊಡೆದದ್ದು

"ಇನ್ನು ಈ ಮನೆಯೊಳಗೆ ಹೊಗೆ ಎಂಬ ಪದಾರ್ಥಕ್ಕೆ ಪ್ರವೇಶವಿಲ್ಲ!"

ಹೀಗೆಂದು ನಾನು ಘೋಷಿಸಿದ್ದು ೧೯೮೯ರ ಒಂದು ಭಾನುವಾರ ಬೆಳಿಗ್ಗೆ, ಅಜ್ಜೀಪುರದ ನಮ್ಮ ಹಿತ್ತಲಿನಲ್ಲಿ, ಗೋಬರ್ ಗ್ಯಾಸಿನ ತೊಟ್ಟಿಯ ಪಕ್ಕ ನಿಂತು. ಕೇಳಿಸಿಕೊಂಡವರು ಇಬ್ಬರು: ಪೈಪು ಜೋಡಿಸಲು ಬಂದಿದ್ದ ಮೇಸ್ತ್ರಿ ಚಿನ್ನಸ್ವಾಮಿ ಮತ್ತು ನಮ್ಮ ಎಮ್ಮೆ.

ಘೋಷಣೆಗೆ ಕಾರಣವಿತ್ತು. ಸೌದೆ ಒಲೆಯ ಹೊಗೆಗೆ ನನ್ನ ಹೆಂಡತಿ ಶಿವರತ್ನಮ್ಮನ ಕಣ್ಣು ಕೆಂಪಗಾಗಿ, ಕೊಳ್ಳೇಗಾಲದ ಡಾಕ್ಟರು "ಹೊಗೆಯ ಹತ್ತಿರ ಸುಳಿಯಬೇಡಿ" ಎಂದಿದ್ದರು. ಸುದ್ದಿ ತಿಳಿದು ಅಗರದಿಂದ ಬಂದಿಳಿದ ಅತ್ತೆ ಗುರುಬಸಮ್ಮನವರು ತೀರ್ಪು ಕೊಟ್ಟರು: "ಇವತ್ತು ಹೊಸ ಸ್ಟವ್‌ನಾಗೆ ಹಾಲುಕ್ಕಿದ್ರೆ ಸರಿ. ಇಲ್ದಿದ್ರೆ ಒಂದೂವರೆ ಬಸ್ಸಿಗೆ ಮಗಳ್ನ ಕರ್ಕಂಡೋಯ್ತೀನಿ. ಕಣ್ಣು ವಾಸಿಯಾದ್ ಮ್ಯಾಲೆ ಕಳಿಸ್ತೀನಿ." ನನಗೆ ನಿಜಕ್ಕೂ ಭಯವಾಯಿತು. ಅವಳಿಲ್ಲದೆ ಮನೆಯಲ್ಲಿರುವುದು ನನ್ನಿಂದಾಗದು. ಅಲ್ಲದೆ ನನಗೆ ಬರುವ ಏಕೈಕ ಅಡುಗೆ ಬಿಸಿನೀರು.

ಚಿನ್ನಸ್ವಾಮಿ ತಲೆ ಕೆರೆದುಕೊಂಡ. "ಸಾ, ವಾಲ್ವ್ ಆಮ್ಯಾಕೆ ಕೂರಿಸವ. ಮೊದ್ಲು ಬರೀ ಪೈಪಿನ ಎರಡೂ ಬಾಯಿಗೆ ಬಿರಡೆ ಜಡ್ದು, ಗಾಳಿ ಒಡ್ದು, ಸೋರ್ತದಾ ನೋಡವ."

"ವಾಲ್ವ್ ಇರೋದೇ ಮುಚ್ಚೋಕೆ. ಅದಿರೋವಾಗ ಬಿರಡೆ ಯಾಕಯ್ಯ? ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು!"

"ಅಂಗಾರೆ ನೀವೇ ಮಾಡ್ಕಳಿ ಸಾ" ಎಂದು ಅವನು, ತೊಟ್ಟಿಯೊಳಗೆ ಕವುಚಿಟ್ಟಿದ್ದ, ಗ್ಯಾಸು ತುಂಬಿದಂತೆ ಮೇಲೇಳುವ ಡ್ರಮ್ಮಿನ ಬಳಿ ಒಂದು, ಅಡುಗೆಮನೆಯಲ್ಲಿ ಒಂದು ವಾಲ್ವ್ ಬಿಗಿದು ಹನೂರಿಗೆ ಹೊರಟುಹೋದ.

ನಾನು ಎರಡೂ ವಾಲ್ವ್ ಮುಚ್ಚಿದೆ. ನಡುವಿನ ಪೈಪಿಗೆ ಒಂದು ಪ್ಲಾಸ್ಟಿಕ್ ಕೊಳವೆ ಬಾಗಿಸಿ ಸಿಕ್ಕಿಸಿ, ಅದರಲ್ಲಿ ಶಾಯಿ ಬೆರೆಸಿದ ನೀರು ತುಂಬಿದೆ. ಗಾಳಿ ಹೊಡೆದಾಗ ಏರಿದ ನೀರು ಏರಿದಲ್ಲೇ ನಿಂತರೆ ಪೈಪು ಭದ್ರ. ಇಳಿದರೆ ಎಲ್ಲೋ ಸೋರುತ್ತಿದೆ. ಎಷ್ಟು ಸುಲಭ! ಪಕ್ಕದ ಮನೆಯಿಂದ ಸೈಕಲ್ ಪಂಪು ತರುವಷ್ಟರಲ್ಲಿ ಅತ್ತೆಯವರು ಡ್ರಮ್ಮಿನ ವಾಲ್ವಿಗೆ ವಿಭೂತಿ, ಕುಂಕುಮ ಇಟ್ಟು, ಸೇವಂತಿಗೆ ಸರ ಸುತ್ತಿ ಕೈಮುಗಿದು ನಿಂತಿದ್ದರು. ವಾಲ್ವ್ ಕಾಣಿಸುತ್ತಿರಲಿಲ್ಲ, ಹೂವೇ ಹೂವು.

ಗಾಳಿ ಹೊಡೆದೆ. ನೀರು ನಾಲ್ಕು ಬೆರಳು ಏರಿ ನಿಂತಿತು. ಇನ್ನೂ ನೂರು ಹೊಡೆದೆ. ಅದೇ ನಾಲ್ಕು ಬೆರಳು! ಪೈಪಿನುದ್ದಕ್ಕೂ ಸೋಪಿನ ನೀರು ಬಳಿದೆ. ಒಂದು ಗುಳ್ಳೆಯೂ ಇಲ್ಲ. ಸೋರಿದರೆ ಇಳಿಯಬೇಕು, ಸೋರದಿದ್ದರೆ ಏರಬೇಕು. ಇದು ಇಳಿಯದು, ಏರದು! ಹಾಗಾದರೆ ನಾನು ಹೊಡೆದ ಗಾಳಿ ಹೋಗಿದ್ದೆಲ್ಲಿಗೆ?

"ರೀ, ಆ ಊವಿನ್ ಕೆಳಗೆ ವಾಲ್ವ್ ಮುಚ್ಕಂಡದಾ?" ಎಂದಳು ಶಿವರತ್ನಮ್ಮ.

"ನಾನೇ ಮುಚ್ಚಿದ್ದೀನಿ!"

"ನೀವ್ ಮುಚ್ಚಿದ್ದು ಸರಿ. ಈಗ ಮುಚ್ಕಂಡದಾ ಅಂತ ಕೇಳ್ದೆ."

"ಮುಚ್ಚಿದ್ದು ತಾನಾಗಿ ತೆರೆದುಕೊಳ್ಳೋದಕ್ಕೆ ವಿಜ್ಞಾನದಲ್ಲಿ ಅವಕಾಶವೇ ಇಲ್ಲ!"

ಅಷ್ಟರಲ್ಲಿ ಅತ್ತೆ ಕೂಗಿದರು: "ಅಳಿಯಂದ್ರೇ, ಡ್ರಮ್ಮು ಮ್ಯಾಕೆದ್ದದೆ!"

ಹೌದು! ಮೊದಲ ಗ್ಯಾಸು ಉರಿಯದೆಂದು ಬೆಳಿಗ್ಗೆ ತಾನೇ ಹೊರಬಿಟ್ಟಿದ್ದರಿಂದ ತಳ ಸೇರಿದ್ದ ಡ್ರಮ್ಮು ಈಗ ಮೂರು ಇಂಚು ಮೇಲೆದ್ದಿತ್ತು. ಎಮ್ಮೆಯ ಕಡೆ ಹೆಮ್ಮೆಯಿಂದ ನೋಡಿದೆ. ಸಂತೋಷಕ್ಕೆ ಮತ್ತಷ್ಟು ಹೊಡೆದೆ. ಆಶ್ಚರ್ಯ, ಡ್ರಮ್ಮು ಮತ್ತಷ್ಟು ಎದ್ದಿತು! ಒಟ್ಟು ಐನೂರು ಹೊಡೆತವಾಗಿ ತೋಳು ಬಿದ್ದುಹೋಯಿತು. ಪೈಪಿನ ವಿಚಾರ ಆಮೇಲೆ, ಮೊದಲು ಹಾಲುಕ್ಕಲಿ ಎಂದು, ಡ್ರಮ್ಮಿನ ವಾಲ್ವ್ ತೆರೆಯಬೇಕೆಂಬುದನ್ನೂ ಮರೆತು ಒಳಗೆ ಓಡಿದೆ.

ಅಡುಗೆಮನೆಯ ವಾಲ್ವ್ ತಿರುಗಿಸಿ ಕಡ್ಡಿ ಗೀರಿದೆ. 'ಬುಸ್' ಎಂದಿತು, ಕಡ್ಡಿ ಆರಿತು. ಎರಡನೆಯದೂ ಆರಿತು. ಏಳನೆಯ ಕಡ್ಡಿಯೊಂದಿಗೆ ಅತ್ತೆಯವರು ಹಚ್ಚಿಟ್ಟಿದ್ದ ದೀಪವೂ ಆರಿತು. ಹಾಲು ತಣ್ಣಗೆ ಕೂತಿತ್ತು.

ಶಿವರತ್ನಮ್ಮ ಮೂಗೆಳೆದಳು. "ಗ್ಯಾಸ್ ವಾಸ್ನೆ ಇಲ್ಲ ಕಣ್ರಿ. ಸೈಕಲ್ ಅಂಗಡಿ ವಾಸ್ನೆ ಬತ್ತದೆ."

ಹಿತ್ತಲಿಗೆ ಓಡಿ ಹೂವು ಸರಿಸಿದೆ. ವಾಲ್ವ್ ಪೂರ್ತಿ ತೆರೆದಿತ್ತು!

"ಅತ್ತೆ, ಇದನ್ನ ಯಾರು ತೆಗೆದದ್ದು?"

"ನಾನೇ. ಪೂಜೆ ಮಾಡಿದ್ ಮ್ಯಾಲೆ ಮುಚ್ಚಿಡ್ತಾರಾ? ಒಸ್ಲು ಪೂಜೆ ಮಾಡಿ ಬಾಗ್ಲಾಕಂಡ್ರೆ ಲಕ್ಷ್ಮಿ ಎಂಗೆ ಬಂದಾಳು?"

ಆಗ ಅರ್ಥವಾಯಿತು. ಡ್ರಮ್ಮು ಎದ್ದದ್ದು ಗ್ಯಾಸಿನಿಂದಲ್ಲ. ಅದರೊಳಗಿದ್ದದ್ದು ನನ್ನ ಐನೂರು ಹೊಡೆತದ ಗಾಳಿ! ಹೊಡೆದ ಗಾಳಿಗೆಲ್ಲ ಡ್ರಮ್ಮು ಎದ್ದು ಜಾಗ ಕೊಟ್ಟಿದ್ದರಿಂದಲೇ ನೀರು ನಾಲ್ಕು ಬೆರಳು ದಾಟಿರಲಿಲ್ಲ. ನಾನು ಪರೀಕ್ಷಿಸಿದ್ದು ಪೈಪನ್ನಲ್ಲ, ಇಡೀ ತೊಟ್ಟಿಯನ್ನು. ಹೂವು ಎತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಅದನ್ನೇ ಕೇಳಿದವಳ ಮೇಲೆ ರೇಗಿದ್ದೆ. ನಾಚಿಕೆಯಾಯಿತು.

ಬಸ್ಸಿನ ಹಾರನ್ ಕೇಳಿಸಿತು. ಶಿವರತ್ನಮ್ಮ ಬ್ಯಾಗು ಹಿಡಿದು ಕೆಂಪು ಕಣ್ಣು ಒರೆಸಿಕೊಂಡಳು. "ಎರಡು ವಾರ ಕಣ್ರಿ. ವೊತ್ತೊತ್ತಿಗೆ ಉಣ್ಣಿ."

ಏನನ್ನು ಉಣ್ಣಲಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆಯವರು ಮಾತ್ರ ಹೊಸಿಲು ದಾಟಿದವರು ಹಿಂದಿರುಗಿ ಬಂದರು. ಸೌದೆ ಒಲೆಯ ಪಕ್ಕದಲ್ಲಿದ್ದ ಊದುಗೊಳವೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

"ತಕಳಿ ಅಳಿಯಂದ್ರೇ. ಗಾಳಿ ಊದೋದ್ರಾಗೆ ನಿಮ್ಮಂಥ ದಮ್ಮಿರೋರ್ನ ನಾನ್ ಕಾಣೆ. ಇದ್ಕೆ ವಾಲ್ವೂ ಇಲ್ಲ, ಎರಡೂ ಕಡೆ ತೆಗ್ದೇ ಅದೆ!"