ಮೋರೇರ ಗುಡ್ಡದಲ್ಲಿ ಅತ್ತೆ ಹಿಡಿದ ಮನೆ

ನಮ್ಮ ಸೋದರತ್ತೆಯಷ್ಟು ಮನೆಗಳನ್ನು ನೋಡಿದವರು ಇಡೀ ರೋಣ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಮನುಷ್ಯರನ್ನು ಮಾತ್ರ ಆಕೆ ಅಷ್ಟಾಗಿ ನೋಡುತ್ತಿರಲಿಲ್ಲ! ಅಪ್ಪನಿಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಈಕೆ ನೆಟ್ಟಗೆ ಅಡುಗೆಮನೆ ಹೊಕ್ಕಳಂತೆ. ಹುಡುಗಿ ಹೇಗಿದ್ದಾಳೆ ಎಂದು ಅಜ್ಜಿ ಕೇಳಿದರೆ, ಒಲೆ ಚಲೋ ಇದೆ, ಹೊಗೆ ನಿಲ್ಲುವುದಿಲ್ಲ ಎಂದಳಂತೆ. ಆ ಒಲೆಯ ಪುಣ್ಯದಿಂದ ನನ್ನ ತಾಯಿ ನಮ್ಮ ಮನೆಗೆ ಬಂದಳು.

ಮೆಣಸಗಿಯಲ್ಲಿ ಬಂಧುಗಳೊಬ್ಬರು ತೀರಿಕೊಂಡಾಗ ಅತ್ತೆ ಹೆಂಗಸರ ನಡುವೆ ಕುಳಿತು ಗೋಳೋ ಎಂದು ಅಳುತ್ತಿದ್ದಳು. ಹಾಗೇ ತಲೆ ಎತ್ತಿ ಮಾಳಿಗೆ ನೋಡಿದಳು. ಅಳು ನಿಂತಿತು. ಎರಡನೆಯ ತೊಲೆಗೆ ಹುಳ ಹತ್ತಿದೆ, ಅದರ ಕೆಳಗೆ ಮಲಗಬೇಡಿರಿ ಎಂದು ಮನೆಯವರಿಗೆ ಹೇಳಿ, ಬಿಟ್ಟಲ್ಲಿಂದ ಅಳು ಮುಂದುವರಿಸಿದಳು. ಏನು ಮಾಡುತ್ತೀರಿ ಇಂಥವರನ್ನು?

ಇಷ್ಟಾಗಿ ಆಕೆಗೆ ತನ್ನದೆಂಬ ಮನೆ ಇರಲಿಲ್ಲ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದವಳು. ನಾಲ್ಕು ತಿಂಗಳು ನರಗುಂದದ ನಮ್ಮ ಮನೆ, ನಾಲ್ಕು ತಿಂಗಳು ಗಜೇಂದ್ರಗಡದ ದೊಡ್ಡ ಕಾಕಾ, ನಾಲ್ಕು ತಿಂಗಳು ರೋಣದ ಸಣ್ಣ ಕಾಕಾ. ನಮ್ಮ ಹಿತ್ತಲಲ್ಲಿ ಹೊಟ್ಟು ತುಂಬಿದ ಒಂದು ಕೋಣೆಯಿತ್ತು. ಅದನ್ನು ಕೊಡು, ಒಂದು ಒಲೆ ಹೂಡಿಕೊಂಡು ಇರುತ್ತೇನೆ ಎಂದು ಅಪ್ಪನನ್ನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಳು. ಮೂರು ಮನೆ ಇರುವಾಗ ನಾಲ್ಕನೆಯದು ಏಕೆ, ಜನ ಏನೆಂದಾರು ಎಂದು ಅಪ್ಪ ಸಾಗಹಾಕುತ್ತಿದ್ದರು.

ರಾಜ್ಯ ಒಂದಾದ ಮರುವರ್ಷ ಇರಬೇಕು. ಆಷಾಢದ ಕೊನೆಯಲ್ಲಿ ಅತ್ತೆಯನ್ನೂ ಆಕೆಯ ಟ್ರಂಕನ್ನೂ ಗಜೇಂದ್ರಗಡಕ್ಕೆ ಮುಟ್ಟಿಸಲು ನಾವೆಲ್ಲ ಬಸ್ಸಿನಲ್ಲಿ ಹೋಗಿದ್ದೆವು. ಮರುದಿನ ಕಾಕಾ ಚಕ್ಕಡಿ ಹೂಡಿಸಿ, ಗುಡ್ಡದ ಮೇಲಿನ ಮೋರೇರ ಮನೆಗಳನ್ನು ತೋರಿಸಲು ಕರೆದುಕೊಂಡು ಹೋದ. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಹತ್ತಿಪ್ಪತ್ತು ಕಲ್ಲುಗೂಡುಗಳು. ಹಿಂದೆ ಮೋರೇರೆಂಬ ಮೂರಡಿ ಎತ್ತರದ ಜನ ಅಲ್ಲಿದ್ದರಂತೆ. ಸಾಲಿ ಮಾಸ್ತರರು ಮಾತ್ರ ಇವು ಗೋರಿಗಳು ಅನ್ನುತ್ತಾರೆ ಎಂದ ಕಾಕಾ.

‘ಸತ್ತವ್ರಿಗೆ ಯಾರರ ಮೂಡಣ ಬಾಗಲಾ ಇಡತಾರೇನು?’ ಅಂದಳು ಅತ್ತೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಆಮೇಲೆ ಆಕೆ ಒಂದೊಂದು ಗೂಡಿಗೂ ಬಗ್ಗಿ ಬಗ್ಗಿ ನೋಡತೊಡಗಿದಳು. ಒಂದಕ್ಕೆ ಗಾಳಿ ಇಲ್ಲ, ಒಂದು ಸೋರುತ್ತದೆ, ಇನ್ನೊಂದಕ್ಕೆ ನೆರೆಮನೆ ಭಾಳ ಹತ್ತಿರ! ಕೊನೆಗೊಂದು ಒಪ್ಪಿಗೆಯಾಯಿತು. ಗಿಡದ ಟೊಂಗೆ ಮುರಿದು ಕಸ ಹೊಡೆದಳು, ಮೂಲೆಯಲ್ಲಿ ನೀರಿನ ತಂಬಿಗೆ ಇಟ್ಟಳು, ಬುತ್ತಿಗಂಟು ಬಿಚ್ಚಿ ಎಲ್ಲರನ್ನೂ ಒಳಗೆ ಕರೆದಳು. ಅಪ್ಪನ ರುಮಾಲು ಕಲ್ಲಿಗೆ ಬಡಿದು ಕೆಳಗೆ ಬಿತ್ತು. ಅಂತೂ ಅಣ್ಣ ಒಂದು ಕಡೆ ತಲೆ ಬಗ್ಗಿಸಿದ ಎಂದು ಕಾಕಾ ನಕ್ಕ.

ಮಕ್ಕಳು ಒಳಗೆ, ದೊಡ್ಡವರು ಅರ್ಧ ಒಳಗೆ ಅರ್ಧ ಹೊರಗೆ ಕುಳಿತು ಉಂಡೆವು. ಅತ್ತೆ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು, ಬೇಡವೆಂದರೂ ಮತ್ತಷ್ಟು ಹಾಕಿದಳು. ನಮ್ಮ ಮನೆಯಲ್ಲಿ ಆಕೆ ಯಾರಿಗೇ ಬೆಣ್ಣೆ ಹಾಕುವ ಮೊದಲು ನನ್ನ ತಾಯಿಯ ಮುಖ ನೋಡುತ್ತಿದ್ದಳು. ಆ ದಿನ ನೋಡಲಿಲ್ಲ. ಅದನ್ನು ನಾನು ಗಮನಿಸಿರಲಿಲ್ಲ, ಅಪ್ಪ ಗಮನಿಸಿದ್ದರು. ಅವರ ಕೈಯ ತುತ್ತು ಹಾಗೇ ನಿಂತಿತ್ತು ಎಂದು ತಾಯಿ ಆಮೇಲೆ ಹೇಳುತ್ತಿದ್ದಳು.

ಹೊತ್ತು ಇಳಿಯಿತು, ಚಕ್ಕಡಿ ಸಿದ್ಧವಾಯಿತು. ಅತ್ತೆ ಹೊರಗೆ ಬರಲಿಲ್ಲ. ಕಾಕಾ ಕೂಗಿದ, ನಾವು ಕೂಗಿದೆವು. ನಾನು ಆಮೇಲೆ ಬರುತ್ತೇನೆ, ನೀವು ನಡೆಯಿರಿ ಅಂದಳು. ಗುಡ್ಡದ ಮೇಲೆ ಆಮೇಲೆ ಬರುವುದೆಂದರೇನು? ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. ಗೂಡಿನ ಮುಂದೆ ಹೋಗಿ, ಬೀಗರ ಮನೆಯ ಬಾಗಿಲಲ್ಲಿ ನಿಂತ ಹಾಗೆ ಚಪ್ಪಲಿ ಬಿಟ್ಟು ನಿಂತರು.

‘ಅಕ್ಕಾ, ಪಂಚಮಿ ಹತ್ರ ಬಂತು. ಕರಿಯಾಕ ಬಂದೇನಿ’ ಅಂದರು.

ನಮ್ಮ ಕಡೆ ನಾಗರ ಪಂಚಮಿಗೆ ತಮ್ಮನೋ ಅಣ್ಣನೋ ಹೋಗಿ ಹೆಣ್ಣುಮಗಳನ್ನು ಅವಳ ಮನೆಯಿಂದ ತವರಿಗೆ ಕರೆತರಬೇಕು. ಮೂವರು ತಮ್ಮಂದಿರಿದ್ದರೂ ಅತ್ತೆಯನ್ನು ಯಾರೂ ಕರೆಯಲು ಹೋದವರಲ್ಲ. ಹೋಗುವುದಾದರೂ ಎಲ್ಲಿಗೆ?

ಅತ್ತೆ ಒಳಗಿನಿಂದಲೇ ಕೇಳಿದಳು: ‘ಹಬ್ಬ ಮುಗದ ಮ್ಯಾಲ ನನ್ನ ಮನಿಗಿ ತಿರಗಿ ತಂದ ಬಿಡ್ತಿ?’

‘ಬಿಡ್ತೀನಿ’ ಅಂದರು ಅಪ್ಪ.

ಟ್ರಂಕು ನಮ್ಮ ಜೊತೆ ನರಗುಂದಕ್ಕೇ ಮರಳಿತು. ಪಂಚಮಿ ಮುಗಿದ ಮರುದಿನ ಅಪ್ಪ ಹೊಟ್ಟಿನ ಕೋಣೆ ಬರಿದು ಮಾಡಿಸಿ, ಸುಣ್ಣ ಹೊಡೆಸಿ, ಅತ್ತೆಯನ್ನು ಅಲ್ಲಿ ಬಿಟ್ಟು ಬಂದರು. ಆಕೆ ಬದುಕಿರುವವರೆಗೆ ಪ್ರತಿ ಪಂಚಮಿಗೂ ಅಪ್ಪ ರುಮಾಲು ಸುತ್ತಿಕೊಂಡು, ಹಿತ್ತಲು ದಾಟಿ, ಅಕ್ಕನನ್ನು ಕರೆಯಲು ಹೋಗುತ್ತಿದ್ದರು.