ಅಕ್ಕನಿಗಾಗಿ ಸುಟ್ಟ ಮೆಕ್ಸಿಕನ್ ರೊಟ್ಟಿ

ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ನನ್ನ ಸ್ವಂತ ಅಕ್ಕನನ್ನು ನಾನು ಹೋಗಿ ಕರೆಯಲಿಲ್ಲ. ನನ್ನ ಹಿಟ್ಟಿನ ಮಿಲ್ಲಿಗೆ ರಾಗಿ ತರುವವರನ್ನೆಲ್ಲ ಕರೆದೆ. ವೈರಿಂಗ್ ಮಾಡಿದವನನ್ನು ಕರೆದೆ, ಅವನ ಮಾವನ ಮನೆಯವರನ್ನೂ ಕರೆದೆ. ಅಕ್ಕನಿಗೆ ಮಾತ್ರ ಕಾರ್ಡಿನ ಫೋಟೋ ತೆಗೆದು ಹಿಂದಿನ ದಿನ ಸಂಜೆ ಮೊಬೈಲಿಗೆ ಕಳಿಸಿದೆ. ಕೆಳಗೆ ಕೈಮುಗಿದ ಚಿತ್ರವನ್ನೂ ಹಾಕಿದ್ದೆ. ಗೌರವದಲ್ಲಿ ಕಡಿಮೆ ಆಗಬಾರದಲ್ಲ!

ಇದು ಎಂಥ ಘನಕಾರ್ಯ ಎಂದು ನಮ್ಮ ಹಾಸನ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹೊಸ ಮನೆಯ ಒಲೆಯ ಮೇಲೆ ಮೊದಲು ಹಾಲು ಉಕ್ಕಿಸುವವಳು ಮನೆಮಗಳು. ಅವಳನ್ನು ಎಲೆ ಅಡಿಕೆ, ಸೀರೆ ಹಿಡಿದು ಅವಳ ಮನೆಗೇ ಹೋಗಿ ಕರೆಯಬೇಕು. ನನ್ನ ರತ್ನಕ್ಕ ಇರುವುದು ಶಾಂತಿಗ್ರಾಮದಲ್ಲಿ, ನಾನಿರುವುದು ಹೊಳೆನರಸೀಪುರದಲ್ಲಿ. ಹಾಸನದಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು. ಅಷ್ಟೂ ನನ್ನಿಂದ ಆಗಲಿಲ್ಲ. ಅಕ್ಕ ಬರಲಿಲ್ಲ. "ಅಮ್ಮ ಇನ್ನು ಆ ಮನೆ ಹೊಸ್ತಿಲು ತುಳಿಯಲ್ಲ ಅಂತಿದಾರೆ ಮಾವ" ಎಂದು ಅವಳ ಮಗಳು ಚೈತ್ರ ಫೋನಿನಲ್ಲಿ ಹೇಳಿದಳು.

ಕೇಳಿದವರಿಗೆಲ್ಲ "ಮಿಲ್ಲಿನ ಕೆಲಸ ಜಾಸ್ತಿ ಇತ್ತು, ಹೋಗೋಕಾಗಲಿಲ್ಲ" ಎಂದೆ. ನಿಜವಾದ ಕಾರಣ ಬೇರೆ. ಅದನ್ನೂ ಹೇಳುತ್ತೇನೆ, ಮೊದಲು ಅಡುಗೆಯ ವಿಷಯ ಮುಗಿಸಿಬಿಡೋಣ. ಕಷ್ಟದ ಮಾತು ಆಡಬೇಕಾದಾಗ ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಉಳಿದ ವಿದ್ಯೆಯೆಲ್ಲ ಏಳನೇ ಕ್ಲಾಸಿಗೇ ನಿಂತಿತು.

ಶಿವರಾತ್ರಿ ಕಳೆದಿತ್ತು. ಹೊಂಗೆ ಚಿಗುರುತ್ತಿತ್ತು, ಯುಗಾದಿ ಹತ್ತಿರ ಬರುತ್ತಿತ್ತು. ಹಬ್ಬದಲ್ಲಿ ಮನೆಮಗಳು ಬರದಿದ್ದರೆ ಇಡೀ ಬೀದಿ ಕೇಳುತ್ತದೆ. ಬುದ್ಧಿ ಇದ್ದವನಾದರೆ ಬಸ್ಸು ಹತ್ತಿ ಹೋಗಿ "ತಪ್ಪಾಯಿತು" ಅನ್ನುತ್ತಿದ್ದ. ನಾನು ಚೈತ್ರಳಿಗೆ ಫೋನು ಹಚ್ಚಿದೆ. ಅವಳು ಹಾಸನದಲ್ಲಿ ಹೋಟೆಲ್ ಅಡುಗೆ ಓದುತ್ತಿದ್ದಾಳೆ.

"ನಿಮ್ಮವ್ವ ಈಗ ಏನು ಇಷ್ಟಪಟ್ಟು ಉಣ್ತಾಳೆ ಹೇಳವ್ವ."

"ರಾತ್ರಿ ಮುದ್ದೆ ತಿಂದ್ರೆ ಎದೆ ಉರಿ ಅಂತಾರೆ. ಮೊನ್ನೆ ಮೆಕ್ಸಿಕನ್ ಮಾಡಿಕೊಟ್ಟೆ. ಮುಸುಕಿನ ಜೋಳದ ತೆಳ್ಳನೆ ರೊಟ್ಟಿ, ಒಳಗೆ ಬೇಯಿಸಿದ ಕಾಳು, ಹಸಿ ಟೊಮೆಟೊ, ಬೆಣ್ಣೆಹಣ್ಣು. ಹೊಟ್ಟೆ ಹಗುರ ಆಯ್ತು ಅಂತ ಎರಡು ಸಲ ಹಾಕಿಸ್ಕೊಂಡ್ರು. ಆದ್ರೆ ಮಾವ, ಅಡುಗೆ ಎಲ್ಲ ಯಾಕೆ? ಸುಮ್ನೆ ಬಂದು ಅಮ್ಮನ ಹತ್ರ ಒಂದು ಮಾತಾಡಿ."

"ಮಾತು ಆಮೇಲೆ ಬುಡವ್ವ. ಭಾನುವಾರ ಅವಳ್ನ ಕರ್ಕಂಡು ಬಾ. ಮೆಕ್ಸಿಕನ್ನೇ ಮಾಡ್ತೀನಿ!"

ಒಂದು ಮಾತು ಬಹಳ ಭಾರ. ಮೆಕ್ಸಿಕೊ ಹಗುರ. ಅದನ್ನೇ ಆರಿಸಿಕೊಂಡೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಊಟದ ಮುಖ್ಯ ಭಾಗ ಹಿಟ್ಟು. ಹಿಟ್ಟಿನ ವಿಷಯದಲ್ಲಿ ನನ್ನನ್ನು ಮೀರಿಸುವವನು ಹೊಳೆನರಸೀಪುರದಲ್ಲಿ ಯಾರು? ಮುಸುಕಿನ ಜೋಳ ನನಗೆ ಹೊಸದಲ್ಲ. ಹಸುವಿಗೆ, ಕೋಳಿಗೆ ನುಚ್ಚು ಮಾಡಿಸಿಕೊಳ್ಳಲು ದಿನವೂ ನನ್ನ ಮಿಲ್ಲಿಗೆ ಬರುತ್ತದೆ. ಮನುಷ್ಯರಿಗೆಂದು ಯಾರೂ ತಂದದ್ದಿಲ್ಲ ಅನ್ನುವುದು ಬೇರೆ ಮಾತು.

ಚೈತ್ರ ಕ್ರಮ ಹೇಳಿಕೊಟ್ಟಳು. ಒಣ ಜೋಳವನ್ನು ಎಲೆ ಅಡಿಕೆಗೆ ಹಾಕುವ ಸುಣ್ಣದ ತಿಳಿನೀರಿನಲ್ಲಿ ಬೇಯಿಸಿ ರಾತ್ರಿಯೆಲ್ಲ ನೆನೆಯಬಿಡಬೇಕು. ಬೆಳಿಗ್ಗೆ ಸಿಪ್ಪೆ ಹೋಗುವ ತನಕ ತಿಕ್ಕಿ, ನಾಲ್ಕಾರು ನೀರಿನಲ್ಲಿ ತೊಳೆದು ಗ್ರೈಂಡರಿನಲ್ಲಿ ರುಬ್ಬಬೇಕು. ಬೇಯಿಸಿದೆ. ನೆನೆಸಿದೆ. ತೊಳೆಯುವುದು ಬೇಗ ಬೇಸರವಾಯಿತು, ಒಂದು ನೀರಿಗೆ ನಿಲ್ಲಿಸಿದೆ.

ಗ್ರೈಂಡರ್ ಅಂದಾಗ ನನಗೆ ಅವಮಾನವಾಯಿತು. ಇಷ್ಟು ದೊಡ್ಡ ಕಲ್ಲು, ಇಷ್ಟು ದೊಡ್ಡ ಮೋಟರು ಮನೆ ಪಕ್ಕದಲ್ಲೇ ಇಟ್ಟುಕೊಂಡವನು ಇಡ್ಲಿ ಹಿಟ್ಟು ರುಬ್ಬುವ ಪುಟ್ಟ ಗ್ರೈಂಡರಿನ ಮುಂದೆ ಕೂರಬೇಕೆ?

"ರೀ, ಅದು ಒಣ ಕಾಳು ಬೀಸೋ ಕಲ್ಲು. ಒದ್ದೆ ಜೋಳ ಹಾಕಿದ್ರೆ ಕಚ್ಕೊಳ್ಳುತ್ತೆ" ಎಂದಳು ನನ್ನ ಹೆಂಡತಿ ಮಂಜುಳ.

"ಮಿಲ್ಲು ಇಟ್ಟೋನು ನಾನೋ ನೀನೋ?"

ಜೋಳ ಸುರಿದೆ. ಮೋಟರು ಒಮ್ಮೆ ನರಳಿತು. ಬೆಲ್ಟಿನಿಂದ ಹೊಗೆ ಎದ್ದಿತು. ಆಮೇಲೆ ಎಲ್ಲ ಶಾಂತವಾಯಿತು. ಎರಡು ಕಲ್ಲುಗಳ ನಡುವೆ ಜೋಳ ಮೇಣದ ಹಾಗೆ ಅಂಟಿಕೊಂಡು, ಬಿಡಿಸಲು ಬಾರದಂತೆ ಕೂತಿತ್ತು. ಇಷ್ಟು ವರ್ಷ ಗಿರಾಕಿಗಳಿಗೆ "ಕಾಳು ಒಣಗಿಸಿ ತಗಂಡ್ ಬನ್ನಿ" ಎಂದು ಬೈಯುತ್ತಿದ್ದವನು ನಾನೇ!

ಸುತ್ತಿಗೆ ತಗೊಂಡು ಕೆರೆದು, ಬಡಿದು, ಅಂತೂ ಕಲ್ಲು ತಿರುಗುವಂತೆ ಮಾಡುವಷ್ಟರಲ್ಲಿ ಪಕ್ಕದ ಬೀದಿಯ ನಿಂಗಜ್ಜಿ ರಾಗಿ ಚೀಲ ಹೊತ್ತು ಬಂದಳು. ಇಲ್ಲ ಅನ್ನಬಹುದಿತ್ತು. ಭಾನುವಾರದ ಗಿರಾಕಿಯನ್ನು ವಾಪಸ್ಸು ಕಳಿಸಲು ಮನಸ್ಸಾಗಲಿಲ್ಲ. ಬೀಸಿ ಕೊಟ್ಟೆ. ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಲೇ ಮಾದೇವ, ಇದೇನ್ಲಾ ಸುಣ್ಣದ ವಾಸ್ನೆ? ಇಟ್ಟು ಬೀಸಿದ್ಯಾ, ಗ್ವಾಡೆಗೆ ಬಳಿಯಕ್ಕೆ ಕಲಸಿದ್ಯಾ?"

"ಅಜ್ಜಿ, ಅದು ಮೆಕ್ಸಿಕನ್ ಪದ್ಧತಿ."

"ಯಾವನ್ಲಾ ಅವ್ನು? ಕರಿ ಇಲ್ಲಿಗೆ!"

ಅಜ್ಜಿಗೆ ನಮ್ಮ ಮನೆಯ ಹಿಟ್ಟಿನ ಡಬ್ಬಿಯನ್ನೇ ಕೊಟ್ಟು ಕಳಿಸಿದೆ. ಮತ್ತೆ ಜೋಳ ಸುರಿದೆ, ಕಲ್ಲು ಮತ್ತೆ ಕಚ್ಚಿಕೊಂಡಿತು. ಈ ಸಲ ಬೆಲ್ಟೇ ಹರಿಯಿತು. ಮಿಲ್ಲಿನ ಬಾಗಿಲು ಎಳೆದೆ. ಉಳಿದ ಜೋಳ ಹೊತ್ತುಕೊಂಡು ಹೋಗಿ ಹೆಂಡತಿಯ ಗ್ರೈಂಡರಿನ ಮುಂದೆ ಕೂತೆ. ಮಂಜುಳ ಬಂದು ಸ್ವಿಚ್ಚು ಹಾಕಿಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ರುಬ್ಬುವಾಗ ನೀರು ಹೆಚ್ಚಾಯಿತು. ಗಟ್ಟಿಯಾಗಲೆಂದು ಅಜ್ಜಿ ಬಿಟ್ಟುಹೋದ ರಾಗಿ ಹಿಟ್ಟು ಸೇರಿಸಿದೆ. ರೊಟ್ಟಿ ತಟ್ಟಿದರೆ ಅಂಚು ಒಡೆಯಿತು, ಎತ್ತಿದರೆ ನಡು ಹರಿಯಿತು, ಹೆಂಚಿಗೆ ಹಾಕಿದರೆ ಅಲ್ಲಿಯೇ ಮನೆ ಮಾಡಿಕೊಂಡು ಕೂತಿತು. ಟೊಮೆಟೊ, ಈರುಳ್ಳಿ, ಕೊತ್ತಂಬರಿ ಹೆಚ್ಚಿ ನಿಂಬೆಹಣ್ಣು ಹಿಂಡಿ ಇಟ್ಟದ್ದು ಮಾತ್ರ ನೋಡುವಂತಿತ್ತು. "ಇದು ಕೋಸಂಬರಿ ಅಲ್ವಾ?" ಎಂದಳು ಮಂಜುಳ. ಆ ಮನೆಯಲ್ಲಿ ಅವತ್ತು ಸರಿಯಾಗಿ ಆದದ್ದು ಅದೊಂದೇ, ಅದನ್ನೂ ಮೆಕ್ಸಿಕನ್ ಎಂದು ಒಪ್ಪಲು ಯಾರೂ ತಯಾರಿರಲಿಲ್ಲ.

ಕಾಳು ಬೇಯಿಸುವುದು ಮರೆತೇ ಹೋಗಿತ್ತು. ಉಳಿದದ್ದು ಬೆಣ್ಣೆಹಣ್ಣು. ಹಾಸನದ ಮಾರ್ಕೆಟ್ಟಿನಿಂದ ಹೊಳೆಯುವ ಹಸಿರು ಹಣ್ಣುಗಳನ್ನೇ ಆರಿಸಿ ತಂದಿದ್ದೆ. ಕುಯ್ಯಲು ಹೋದರೆ ಚಾಕು ಇಳಿಯಲಿಲ್ಲ. ಕಾಯಿ! ಹಣ್ಣಾಗಲು ಇನ್ನೂ ನಾಲ್ಕಾರು ದಿನ ಬೇಕು. ಅಕ್ಕ ಬರಲು ಇನ್ನೊಂದು ಗಂಟೆ. ಗಟ್ಟಿ ಇದ್ದದ್ದನ್ನು ಮೆತ್ತಗೆ ಮಾಡಲು ದೇವರು ಕುಕ್ಕರ್ ಕೊಟ್ಟಿದ್ದಾನೆ ಎಂದು ನೆನಪಾಯಿತು. ಮೂರು ವಿಸಿಲ್ ಕೂಗಿಸಿದೆ. ಮೆತ್ತಗಾಯಿತು. ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕಿವುಚಿದೆ. ರುಚಿ ನೋಡಲು ಹೊರಡುವಷ್ಟರಲ್ಲಿ ಹೊರಗೆ ಆಟೋ ನಿಂತಿತು.

ಅಕ್ಕ ಇಳಿದಳು. ಹೊಸ ಮನೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ಮೆಟ್ಟಿಲ ಮೇಲೆ ಸೆರಗು ಹಾಸಿ ಕೂತಳು.

"ಒಳಗೆ ಬಾ ಅಕ್ಕ."

"ಇಲ್ಲೇ ಗಾಳಿ ಚೆಂದಾಗದೆ."

"ಅಡುಗೆ ಒಳಗಡೆ..."

"ಒಳಗೆ ಬರಕ್ಕಲ್ಲ ನಾ ಬಂದಿರೋದು. ಮಾದೇವ ಒಲೆ ಹಚ್ಚವ್ನೆ ಅಂದ್ಳು ಚೈತ್ರ. ಅದ್ನ ನೋಡಕ್ಕೆ ಬಂದೆ."

ತಟ್ಟೆ ಹೊರಗೇ ಬಂತು. ಮಂಜುಳ ನೀರಿನ ಚೊಂಬು ತಂದಿಟ್ಟು, ಚೈತ್ರಳ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಅಕ್ಕ ರೊಟ್ಟಿಯ ಚೂರನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದ್ನ ನಮ್ಮ ಹಸುಗೆ ಹಾಕ್ತೀವಿ."

"ಮನುಷ್ಯರಿಗೂ ಒಳ್ಳೇದಂತೆ ಅಕ್ಕ."

"ಹಸುಗೆ ಇದಕ್ಕಿಂತ ಚೆಂದಾಗಿ ಮಾಡಿ ಹಾಕ್ತೀವಿ."

ಆದರೂ ಬೆಣ್ಣೆಹಣ್ಣಿನಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿದಳು. ಮುಖ ಒಮ್ಮೆ ಗಂಟಾಯಿತು. ಉಗಿಯಲಿಲ್ಲ, ನುಂಗಿದಳು. ನಾನೂ ಒಂದು ಚೂರು ಅದ್ದಿ ತಿಂದೆ. ಎಂಥ ಕಹಿ! ಬೆಣ್ಣೆಹಣ್ಣನ್ನು ಬೇಯಿಸಿದರೆ ಕಹಿಯಾಗುತ್ತದೆ ಎಂದು ಚೈತ್ರ ಆಮೇಲೆ ಹೇಳಿದಳು. ಕಹಿಗೆ ಸುಣ್ಣದ ಒಗರು ಸೇರಿ ನಾಲಿಗೆ ಮರಗಟ್ಟಿತು. ಅಕ್ಕ ಇನ್ನೊಂದು ತುತ್ತು ಮುರಿದಳು. ನನಗೆ ತಡೆಯಲಾಗಲಿಲ್ಲ.

"ಬುಡು ಅಕ್ಕ, ತಿನ್ಬೇಡ."

ಅವಳು ತಟ್ಟೆ ಕೆಳಗಿಟ್ಟಳು.

"ಇದ್ನೆಲ್ಲ ಯಾಕ್ಲಾ ಮಾಡ್ದೆ?"

"ನಿಂಗೆ ಇಷ್ಟ ಅಂತ."

"ಮಿಲ್ಲಿನ ಕೆಲ್ಸ ಜಾಸ್ತಿ ಇತ್ತು, ಕರ್ಯಕ್ಕೆ ಬರಕ್ಕಾಗ್ಲಿಲ್ಲ ಅಂದ್ಯಂತೆ. ಜ್ವಾಳ ಬೇಯ್ಸಕ್ಕೆ, ನೆನೆಸಕ್ಕೆ, ರುಬ್ಬಕ್ಕೆ ಮಾತ್ರ ಪುರ್ಸೊತ್ತು ಸಿಕ್ತಾ?"

ಇನ್ನು ಕಾರಣ ಹೇಳಲೇಬೇಕು. ಗೃಹಪ್ರವೇಶದ ಮಾತುಕತೆಯಲ್ಲಿ ನಮ್ಮ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ರತ್ನ ಗಂಡ ಇಲ್ದೋಳು ಕಣ್ಲಾ, ಹಾಲು ಉಕ್ಕಿಸ್ವಾಗ ಎದುರಿಗೆ ಇರೋದು ಬ್ಯಾಡ" ಎಂದಿದ್ದರು. "ಹೋಗಿ ಕರ್ಕೊಂಡು ಬನ್ನಿ, ಅವರೇ ಉಕ್ಕಿಸಲಿ" ಎಂದು ಮಂಜುಳ ಎರಡು ಮೂರು ಸಲ ಹೇಳಿದಳು. ನಾನು ಮಿಲ್ಲಿಗೆ ಹೋಗಿ ಕೂತೆ. ಭಾವ ತೀರಿಕೊಂಡ ದಿನ ಎಲ್ಲರಿಗಿಂತ ಜೋರಾಗಿ ಅತ್ತವನು ನಾನು. "ನಾನಿದೀನಿ ಕಣಕ್ಕ" ಎಂದು ಇಡೀ ಶಾಂತಿಗ್ರಾಮಕ್ಕೆ ಕೇಳುವಂತೆ ಹೇಳಿದವನು. ಹಾಲನ್ನು ನನ್ನ ನಾದಿನಿ ಉಕ್ಕಿಸಿದಳು. ಚೆನ್ನಾಗಿಯೇ ಉಕ್ಕಿತು. ಎಲ್ಲರೂ ಶುಭವಾಯಿತು ಎಂದರು. ನಾನೂ ಅಂದೆ.

"ಚಿಕ್ಕಪ್ಪ ಏನಂದ್ರು ಅಂತ ನಂಗೊತ್ತು" ಎಂದಳು ಅಕ್ಕ. "ಅವರ ಬಾಯ್ನಲ್ಲಿ ಬರೋದೇ ಅದು. ಅವರಂದಿದ್ದು ಬುಡು. ನೀನೇನಂದೆ? ಅದ್ನ ಹೇಳು."

ನಾನು ಎದ್ದು ನಿಂತೆ. "ನೀರು ತತ್ತೀನಿ."

"ಇಲ್ಲೇ ಅದೆ."

ಹೌದು, ಚೊಂಬು ಅಲ್ಲೇ ಇತ್ತು. ಮಿಲ್ಲಿಗೆ ಹೋಗೋಣವೆಂದರೆ ಅದನ್ನು ಬೆಳಿಗ್ಗೆಯೇ ನಾನೇ ಕೆಡಿಸಿ ಬಾಗಿಲು ಎಳೆದಿದ್ದೆ. ಒಲೆಯ ಮೇಲೆ ಏನೂ ಇರಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಮಾಡಲು ಬೇರೆ ಒಂದು ಕೆಲಸವೂ ಉಳಿದಿರಲಿಲ್ಲ. ಬಾಯಿ ತುಂಬ ಕಹಿ. ಮೆಟ್ಟಿಲ ಮೇಲೆ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತೆ. ಸುಣ್ಣದಿಂದ ಬಿರಿದ ಬೆರಳುಗಳನ್ನು ಪಂಚೆಗೆ ಒರೆಸಿದೆ, ಮತ್ತೆ ಒರೆಸಿದೆ. ಅಕ್ಕ ಕಾಯುತ್ತಿದ್ದಳು.

"ನಾನು ಏನೂ ಅನ್ನಲಿಲ್ಲ ಕಣಕ್ಕ" ಎಂದೆ. "ಚಿಕ್ಕಪ್ಪನ ಮೇಲೆ ಯಾಕೆ ಹಾಕ್ಲಿ, ನೀನು ಬರ್ದಿದ್ರೇ ವಾಸಿ ಅಂತ ಅವತ್ತು ನನ್ನ ಮನಸ್ಸಲ್ಲೂ ಇತ್ತು. ಮಿಲ್ಲು ಗಿಲ್ಲು ಎಲ್ಲ ಸುಳ್ಳು. ತಪ್ಪಾಯ್ತು ಅಕ್ಕ. ತಪ್ಪಾಯ್ತು."